ಪಾಸ್‌ವರ್ಡ್ ಕೇಳಲಿಲ್ಲ ಅಂದಾಗಲೇ ಗೊತ್ತಾಗಬೇಕಿತ್ತು

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಒಟ್ಟು ಐದು ಜನ. ಹೋದ ಸೀಸನ್ನಿನಲ್ಲಿ ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಲೆಕ್ಕದ ಆ್ಯಪ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಯಾವ ರೈತ ಎಷ್ಟು ಚೀಲ ಮೆಣಸಿನಕಾಯಿ ತಂದ, ಅದು ಡಬ್ಬಿ ತಳಿಯೋ ಕಡ್ಡಿ ತಳಿಯೋ, ಯಾವ ಲಾಟ್ ಎಷ್ಟಕ್ಕೆ ಹೋಯಿತು, ಯಾರಿಗೆ ಎಷ್ಟು ದುಡ್ಡು ಕೊಡಬೇಕು. ಇಷ್ಟೇ.

ಮೆಣಸಿನಕಾಯಿ ಬರುವ ತಿಂಗಳುಗಳಲ್ಲಿ ಸಾಹುಕಾರರಿಗೆ ಊಟಕ್ಕೂ ಪುರುಸೊತ್ತಿರಲ್ಲ. “ಹುಬ್ಬಳ್ಳಿಗೆ ಬರಾಕ ಆಗೂದಿಲ್ಲೋ ತಮ್ಮಾ, ನನ್ನ ಫೋನಿನ್ಯಾಗ ತೋರಿಸು” ಅಂದರು. ಆ್ಯಪ್ ಇದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ, 8000ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಿನಲ್ಲಿ. ಅಲ್ಲಿಂದ ಅದು ಬ್ಯಾಡಗಿಯ ಫೋನಿಗೆ ಹೋಗಬೇಕು.

ಮೊದಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ನೋಡಿದೆ, ಅಂದರೆ ಹೊರಗಿನಿಂದ ಬಂದದ್ದನ್ನು ಆ ಬಾಗಿಲಿಗೆ ಕಳಿಸು ಅಂತ ಹೇಳಿ ನೋಡಿದೆ. ಆಗಲಿಲ್ಲ. ರೂಟರ್‌ಗೆ ಸಿಕ್ಕಿದ್ದ ವಿಳಾಸ 100.80 ಅಂತ ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಕಂಪನಿಗಳ ಒಳಬಳಕೆಗೆ ಅಂತಲೇ 2012ರಲ್ಲಿ ಎತ್ತಿಟ್ಟಂಥವು. ಹೊರಗಿನ ಒಂದೇ ವಿಳಾಸದ ಹಿಂದೆ ಎಷ್ಟೋ ಮನೆ, ಆಫೀಸು ಕೂತಿರುತ್ತವೆ. ಹೊರಗಿನಿಂದ ನಮ್ಮ ರೂಟರ್‌ವರೆಗೆ ದಾರಿಯೇ ಇಲ್ಲ.

ಹಾಗಾಗಿ ದಾರಿಯನ್ನು ಒಳಗಿನಿಂದ ಮಾಡಿದೆ. ನಮ್ಮದೊಂದು ಅಗ್ಗದ ಬಾಡಿಗೆ ಸರ್ವರ್ ಇತ್ತು. ಲ್ಯಾಪ್‌ಟಾಪಿನಿಂದ ಅದಕ್ಕೆ ಎಸ್‌ಎಸ್‌ಎಚ್ ರಿವರ್ಸ್ ಟನಲ್ ಹಾಕಿದೆ, ಅಂದರೆ ಸರ್ವರ್‌ಗೆ ಬಂದದ್ದು ನನ್ನ ಲ್ಯಾಪ್‌ಟಾಪಿಗೆ ತಲುಪುವ ಸುರಂಗ. ಸರ್ವರ್ ಮೇಲೆ ಬಂದವರನ್ನು ಟನಲ್‌ಗೆ ಕಳಿಸುವ ಎಂಜಿನ್‌ಎಕ್ಸ್ ಅನ್ನೋ ಪ್ರೋಗ್ರಾಂ ಕೂರಿಸಿ, ಹೊಸ ಸಬ್‌ಡೊಮೇನ್ (ನಮ್ಮ ವೆಬ್‌ಸೈಟ್ ಹೆಸರಿನಡಿ ಇನ್ನೊಂದು ಹೆಸರು) ಮಾಡಿ, ಅದಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಬ್ರೌಸರ್ ನಂಬುವ ಸರ್ಟಿಫಿಕೇಟ್ ತಗೊಂಡೆ. ಆ್ಯಪ್ ಕಟ್ಟಲು ಬಳಸಿದ್ದ ಜ್ಯಾಂಗೋ ಚೌಕಟ್ಟು ‘ಈ ಹೆಸರು ನನಗೆ ಗೊತ್ತಿಲ್ಲ’ ಅಂತ ತಕರಾರು ಮಾಡಿತು. ಅನುಮತಿಯ ಪಟ್ಟಿಯಲ್ಲಿ ಒಂದು ನಕ್ಷತ್ರ (ಯಾವ ಹೆಸರಾದರೂ ಸರಿ ಅಂತ) ಹಾಕಿ ಬಾಯಿ ಮುಚ್ಚಿಸಿದೆ. ಅರ್ಧ ತಾಸಿನ ಕೆಲಸ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಲಿಂಕ್ ಕಳಿಸಿದ ಐದು ನಿಮಿಷಕ್ಕೆ ಸಾಹುಕಾರರ ಫೋನು. “ಪಾಸ್‌ವರ್ಡ್ ಕೇಳಲಾರದಂಗ ತೆರೀತಲ್ಲೋ. ಭಾರಿ ಸರಳ ಐತಿ!” ನಾನು ಅದನ್ನು ಹೊಗಳಿಕೆ ಅಂದುಕೊಂಡೆ. “ಹೌದ್ರಿ, ಸರಳ ಇರ್ಲಿ ಅಂತನ ಮಾಡೀನ್ರಿ” ಅಂದೆ. ಈಗ ನೆನಪಾದರೂ ಮೈ ಬೆಚ್ಚಗಾಗುತ್ತದೆ. ಲ್ಯಾಪ್‌ಟಾಪನ್ನು ಹಾಗೇ ಆಫೀಸಿನಲ್ಲಿ ಬಿಟ್ಟು ಮನೆಗೆ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಟರ್ಮಿನಲ್ ತುಂಬ ಸಾಲುಗಳು. ಗುಟ್ಟಿನ ಪಾಸ್‌ವರ್ಡ್ ಇಡುವ ಡಾಟ್ ಎನ್ವ್ ಫೈಲ್ ಇದೆಯಾ, ಕೋಡ್ ಇರುವ ಗಿಟ್ ಫೋಲ್ಡರ್ ಇದೆಯಾ, ವರ್ಡ್‌ಪ್ರೆಸ್ ಲಾಗಿನ್ ಇದೆಯಾ ಅಂತ ಯಾವುದೋ ಬಾಟ್‌ಗಳು (ತಾವೇ ಓಡುವ ಪ್ರೋಗ್ರಾಂಗಳು) ರಾತ್ರಿಯಿಡೀ ಬಾಗಿಲು ತಟ್ಟಿದ್ದವು. ಎಲ್ಲಕ್ಕೂ 404, ಅಂದರೆ ‘ಆ ಪುಟ ಇಲ್ಲ’. ಅದರ ಬಗ್ಗೆ ನನಗೆ ಚಿಂತೆ ಆಗಲಿಲ್ಲ. ಚಿಂತೆ ಆದದ್ದು ನಡುವೆ ಇದ್ದ ಮೂರು 200 ನೋಡಿ, ಅಂದರೆ ‘ತಗೋ, ಪುಟ ಕೊಟ್ಟೆ’. ಮೂರೂ ರೈತರ ಪಟ್ಟಿಯ ಪುಟಕ್ಕೆ.

ಲಾಗಿನ್ ಇದ್ದೂ ಇದು ಹೇಗಾಯಿತು? ದಿನಕ್ಕೆ ಐವತ್ತು ಸಲ ಪಾಸ್‌ವರ್ಡ್ ಹೊಡೆದು ಬೇಜಾರಾಗಿ ಒಂದು ತಿಂಗಳ ಹಿಂದೆ ಎರಡು ಸಾಲು ಬರೆದಿದ್ದೆ. ರಿಕ್ವೆಸ್ಟ್ 127.0.0.1ರಿಂದ ಬಂದರೆ ಲಾಗಿನ್ ಬೇಡ ಅಂತ. ಅಂದರೆ, ನನ್ನ ಲ್ಯಾಪ್‌ಟಾಪಿನಿಂದಲೇ ಬಂದರೆ ಅದು ನಾನೇ. ಸುಮ್ನೆ ಕೂತು ಯೋಚಿಸಿದರೆ ಇದು ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಟನಲ್‌ನ ಈಚೆ ತುದಿ ಇರುವುದು ನನ್ನ ಲ್ಯಾಪ್‌ಟಾಪಿನೊಳಗೆ. ಬ್ಯಾಡಗಿಯಿಂದ ಬಂದದ್ದಾಗಲಿ, ಇನ್ನೆಲ್ಲಿಂದಲೋ ಬಂದದ್ದಾಗಲಿ, ಕೊನೆಗೆ ಆ್ಯಪ್‌ಗೆ ಒಪ್ಪಿಸುವುದು ನನ್ನದೇ ಎಸ್‌ಎಸ್‌ಎಚ್ ಪ್ರೋಗ್ರಾಂ. ಆ್ಯಪ್ ಕಣ್ಣಿಗೆ ಎಲ್ಲರೂ 127.0.0.1. ಲೋಕವೆಲ್ಲ ನಾನೇ! ಎನ್‌ಗ್ರಾಕ್ ಅಥವಾ ಕ್ಲೌಡ್‌ಫ್ಲೇರ್‌ನಂಥ ರೆಡಿಮೇಡ್ ಟನಲ್ ಹಾಕಿದ್ದರೂ ಆ್ಯಪ್‌ಗೆ ಹೀಗೇ ಕಾಣುತ್ತಿತ್ತು, ಅವೂ ಲ್ಯಾಪ್‌ಟಾಪಿನಲ್ಲೇ ಓಡುವ ಪ್ರೋಗ್ರಾಂಗಳು.

ಇನ್ನು ಆ ಪುಟದ ವಿಳಾಸ ಅವರಿಗೆ ಹೇಗೆ ಸಿಕ್ಕಿತು? ನಾನೇ ಕೊಟ್ಟಿದ್ದೆ. ಜ್ಯಾಂಗೋದಲ್ಲಿ ಡಿಬಗ್ (ತಪ್ಪು ಹುಡುಕಲು ಒಳಗಿನ ವಿವರ ತೋರಿಸುವ ಸೆಟ್ಟಿಂಗ್) ಆನ್ ಇದ್ದರೆ 404 ಪುಟವು ‘ಇದು ಇಲ್ಲ, ಆದರೆ ಇವೆಲ್ಲ ಇವೆ’ ಅಂತ ಆ್ಯಪಿನ ವಿಳಾಸಗಳ ಪಟ್ಟಿಯನ್ನೇ ತೋರಿಸುತ್ತದೆ. ಬರೆಯುವವನಿಗೆ ಅದು ಭಾರಿ ಅನುಕೂಲ.

ಲಿಂಕ್ ಕೊಟ್ಟದ್ದು ಒಬ್ಬರಿಗೇ, ಅದೂ ವಾಟ್ಸಾಪ್‌ನಲ್ಲಿ. ಉಳಿದವರಿಗೆ ಗೊತ್ತಾದದ್ದು ಸರ್ಟಿಫಿಕೇಟಿನಿಂದಲೇ ಇರಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಪ್ರತಿ ಸರ್ಟಿಫಿಕೇಟೂ ಯಾರು ಬೇಕಾದರೂ ಓದಬಹುದಾದ ಲಾಗ್‌ಗಳಿಗೆ, ಅಂದರೆ ದಾಖಲೆ ಪಟ್ಟಿಗಳಿಗೆ, ಸೇರುತ್ತದೆ. 2018ರ ಏಪ್ರಿಲ್ ನಂತರದ ಸರ್ಟಿಫಿಕೇಟ್ ಹಾಗೆ ಸೇರಿರದಿದ್ದರೆ ಕ್ರೋಮ್ ಒಪ್ಪುವುದಿಲ್ಲ. ಕಳ್ಳ ಸರ್ಟಿಫಿಕೇಟ್ ಹಿಡಿಯೋಕೆ ಮಾಡಿದ ಒಳ್ಳೆಯ ವ್ಯವಸ್ಥೆ ಅದು. ಹೊಸ ಹೆಸರು ಬಂತಾ ಅಂತ ಅದನ್ನೇ ಕಾಯುವ ಬಾಟ್‌ಗಳೂ ಇವೆ. ನನ್ನ ಗುಟ್ಟಿನ ಹೆಸರು ಹುಟ್ಟಿದ ದಿನವೇ ಡಂಗುರ ಆಗಿತ್ತು.

ಟನಲ್ ಕಿತ್ತೆ. ಆ ಎರಡು ಸಾಲು ಅಳಿಸಿದೆ. ಈಗ ಡೆಮೊ ಮಾಡುವಾಗ ಡಿಬಗ್ ಆಫ್, ಎಂಜಿನ್‌ಎಕ್ಸ್‌ನಲ್ಲೇ ಇನ್ನೊಂದು ಪಾಸ್‌ವರ್ಡ್, ಅರ್ಧ ತಾಸಿಗೆ ತಾನೇ ಸಾಯುವಂತೆ ಟನಲ್ ಕಮಾಂಡಿನ ಮುಂದೆ ಟೈಮ್‌ಔಟ್. ಇವೆಲ್ಲ ಸುಲಭದ ಕೆಲಸ. ಮುಖ್ಯ ತಪ್ಪು ಬೇರೆ ಇತ್ತು. ಪರೀಕ್ಷೆಗೆ ಅಂತ ನಾನು ತುಂಬಿದ್ದು ಸುಳ್ಳು ಹೆಸರುಗಳನ್ನಲ್ಲ. ಅಂಗಡಿಯ ಹಿಂದಿನ ಸೀಸನ್ನಿನ ನಿಜವಾದ ಪಟ್ಟಿ. 140 ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ.

ನಮ್ಮ ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ, “ನೀನೇ ಹೋಗಿ ಹೇಳಿ ಬಾ” ಅಂದರು. ಬೈದಿದ್ದರೆ ವಾಸಿಯಿತ್ತು.

ರೈಲು ಹತ್ತಿ ಬ್ಯಾಡಗಿಗೆ ಹೋದೆ. ಇಲ್ಲಿನ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರೆ, ಆದರೂ ಮಾರ್ಕೆಟ್ಟಿಗೆ ಕಾಲಿಟ್ಟ ಕೂಡಲೇ ಸೀನು ಶುರು. ಸೀನುತ್ತಲೇ ತಪ್ಪು ಒಪ್ಪಿಕೊಂಡೆ. ಸಾಹುಕಾರರು ಪೂರ್ತಿ ಕೇಳಿದರು.

“ಅಂದ್ರ, ನಿನ್ನ ಕಾವಲುಗಾರ ಬಂದವರನ್ನೆಲ್ಲಾ ನೀನ ಅಂತ ತಿಳಕೊಂಡಾನ.”

“ಹೌದ್ರಿ.”

“ಯಾರ್ ನೋಡ್ಯಾರ?”

ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಇದ್ದದ್ದು ಬಾಡಿಗೆ ಸರ್ವರ್‌ಗಳ ವಿಳಾಸ. ಅದರ ಹಿಂದೆ ಯಾರಿದ್ದರೋ. “ಗೊತ್ತಿಲ್ರಿ” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಗುಮಾಸ್ತರನ್ನು ಕರೆದರು. “ಈ ಪಟ್ಟಿಯಾಗ ಇರೋ ಎಲ್ಲಾರಿಗೂ ಫೋನ್ ಹಚ್ರಿ. ಬ್ಯಾಂಕಿನಿಂದ ಅಂತ ಯಾರರ ಕೇಳಿದ್ರ ಓಟಿಪಿ ಕೊಡಬ್ಯಾಡ್ರಿ ಅಂತ ಹೇಳ್ರಿ. ಅರ್ಧಾ ಈ ತಮ್ಮ ಮಾಡ್ಲಿ.”

ಕಾಯಿ ಚೀಲದ ಪಕ್ಕ ಕೂತು ಸಂಜೆವರೆಗೆ 70 ಜನರಿಗೆ ಫೋನ್ ಮಾಡಿದೆ. ಸರ್ವರ್, ಟನಲ್ ಅಂತ ವಿವರಿಸುವ ಪ್ರಮೇಯವೇ ಬರಲಿಲ್ಲ. ‘ದಲಾಲಿ ಅಂಗಡಿಯಿಂದ’ ಅಂದ ಕೂಡಲೇ ಬಹಳ ಜನ ಕೇಳಿದ್ದು ಒಂದೇ: “ಇವತ್ತ ಡಬ್ಬಿ ರೇಟ್ ಎಷ್ಟೈತ್ರಿ?” ಗುಮಾಸ್ತರು ಒಂದು ಚೀಟಿಯಲ್ಲಿ ರೇಟ್ ಬರೆದು ನನ್ನ ಮುಂದಿಟ್ಟರು.