ವಾಣಮ್ಮ ನಮ್ಮೋಳು

"ಯಾರೂ ಇರ್ಲಿಲ್ವಾ ಜೊತೇಲಿ?"

ಅಮ್ಮ ಇದನ್ನು ಕೇಳಿದ್ದು ಮಂಗಳವಾರ. ಇವತ್ತು ಶನಿವಾರ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಲೈಟ್ ಆರಿಸಿದ ಮೇಲೆ, ಅದೇ ಮಾತು ಕಿವಿಯಲ್ಲಿ ಕೂತಿದೆ.

ಅಮ್ಮನಿಗೆ ಕಣ್ಣು ತೋರಿಸಬೇಕಿತ್ತು. ಶ್ರೀನಿವಾಸಪುರದ ಕಡೆಯಿಂದ ಮೊದಲ ಬಸ್ಸಿಗೇ ಕೋಲಾರಕ್ಕೆ ಬಂದಿಳಿದಿದ್ದಳು. ಕೈಚೀಲದಲ್ಲಿ ತೋಟದ ಬಾದಾಮಿ ಮಾವಿನ ಹಣ್ಣು. ಆಸ್ಪತ್ರೆಯಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿ, ಕರೆಯುವವರೆಗೂ ಕಣ್ಣು ಮುಚ್ಚಿಕೊಂಡು ಕೂತಿರಿ ಅಂದರು. ಉದ್ದ ಬೆಂಚಿನ ಮೇಲೆ ಹತ್ತು ಹನ್ನೆರಡು ಜನ, ಎಲ್ಲರೂ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದವರೇ. ಕೆನ್ನೆಗೆ ಇಳಿದ ಔಷಧಿಯನ್ನು ಅಮ್ಮ ಸೆರಗಿನಿಂದ ಒತ್ತಿಕೊಂಡಳು.

ಪಕ್ಕದಲ್ಲಿ ಅಮ್ಮನ ವಯಸ್ಸಿನವರೇ ಒಬ್ಬರು ಕೂತಿದ್ದರು. ಕಪ್ಪು ಬುರ್ಖಾ. ಮಡಿಲಲ್ಲಿ ಫೋನು. ಮೊಮ್ಮಗ ಹಾಡು ಹಾಕಿ ಕೊಟ್ಟು ಟೀ ಕುಡಿಯಲು ಹೋಗಿದ್ದ. ಯಾವುದೋ ಗಜಲ್. ಸಣ್ಣ ಸ್ಪೀಕರಿನಿಂದ ದನಿ ಸಣ್ಣಗೇ ಬರುತ್ತಿತ್ತು. ಒಂದು ಸಾಲು ಮುಗಿದಿರಬೇಕು, ಅಷ್ಟರಲ್ಲಿ ಅಮ್ಮನ ತಲೆ ಗೋಡೆಯಿಂದ ಎದ್ದಿತು. ಕಣ್ಣು ಮಾತ್ರ ಮುಚ್ಚೇ ಇತ್ತು. ತೋರುಬೆರಳು ಮಂಡಿಯ ಮೇಲೆ ಮೆಲ್ಲಗೆ ತಾಳ ಹಾಕಲು ಶುರು ಮಾಡಿತು.

"ವಾಣಮ್ಮ ಕದಾ?"

"ಹೌ. ವಾಣಿ ಜೈರಾಂ," ಅಂದರು ಆಕೆ, ಕಣ್ಣು ಬಿಡದೆ.

"ಈಯಮ್ಮ ಉರ್ದುನೂ ಹಾಡಿದ್ದಾಳಾ?"

"ಅರೆ, ಹಮಾರಿಚ್ ಹೈ ಅಮ್ಮಾ! ನನ್ನ ಮಗಳ ಸ್ಕೂಲಲ್ಲಿ ದಿನಾ ಪ್ರೇಯರ್‌ಗೆ ಇವಳದೇ ಹಾಡು. ಹಮ್ ಕೋ ಮನ್ ಕೀ ಶಕ್ತಿ ದೇನಾ."

"ನಿಮ್ಮೋಳು ಹೆಂಗಾಗ್ತಾಳೆ? ಶಂಕರಾಭರಣಂ ಹಾಡಿದ್ದು ಯಾರು ಮತ್ತೆ?"

ನಮ್ಮ ಮನೆ ಮಾತು ತೆಲುಗು. ಅಮ್ಮನಿಗೆ ಶಂಕರಾಭರಣಂ ಸಿನಿಮಾ ಅಂದರೆ ಮುಗಿಯಿತು, ಅದಕ್ಕಿಂತ ದೊಡ್ಡದು ಇಲ್ಲ. ಇಬ್ಬರೂ ಕಣ್ಣು ಮುಚ್ಚಿಕೊಂಡೇ ವಾದಕ್ಕೆ ಇಳಿದರು. ಒಬ್ಬರ ಮುಖ ಒಬ್ಬರು ಇನ್ನೂ ನೋಡಿಯೇ ಇರಲಿಲ್ಲ. ಅಮ್ಮನದು ತೆಲುಗು ಬೆರೆತ ಕನ್ನಡ, ಆಕೆಯದು ದಖನಿ ಬೆರೆತ ಕನ್ನಡ. ಕೋಲಾರದಲ್ಲಿ ಇದೇನೂ ಹೊಸದಲ್ಲ ಬಿಡಿ.

ಬೆಂಚಿನ ಆ ತುದಿಯಲ್ಲಿ ಕೆಜಿಎಫ್‌ನವರೊಬ್ಬರು ಇದ್ದರು. ಅವರು ಒಂದು ಕಣ್ಣು ಅರ್ಧ ತೆರೆದು, "ಮೇಡಂ, ಅವರು ತಮಿಳು. ವೇಲೂರಲ್ಲಿ ಹುಟ್ಟಿದ್ದು," ಅಂದರು. ಎಲ್ಲಿ ಹೋದರೂ ಕೊನೆಯ ಮಾತು ತಮ್ಮದೇ ಆಗಬೇಕು ಅನ್ನುವ ಪೈಕಿ ಅನ್ನಿಸಿತು. ಆದರೆ ಆಮೇಲೆ ಗಂಟಲಲ್ಲೇ 'ಏಳು ಸ್ವರಂಗಳುಕ್ಕುಳ್' ಗುನುಗಿದರು ನೋಡಿ, ಎಷ್ಟು ಚೆನ್ನಾಗಿತ್ತು ಅಂದರೆ ನನ್ನ ಅಸಮಾಧಾನ ಅಲ್ಲೇ ಕರಗಿತು. 1975ರಲ್ಲಿ ವಾಣಿಯವರಿಗೆ ಮೊದಲ ರಾಷ್ಟ್ರ ಪ್ರಶಸ್ತಿ ತಂದ ಹಾಡು ಅದು. ಎರಡನೆಯದು ಅಮ್ಮನ ಶಂಕರಾಭರಣಂಗೇ ಬಂತು.

"ವೇಲೂರಾ? ನಮ್ಮ ಪಕ್ಕದ್ದೇ ಅಲ್ವಾ," ಅಂದಳು ಅಮ್ಮ, ತಾನು ಗೆದ್ದ ಹಾಗೆ. ನಮ್ಮ ಕಡೆ ದೊಡ್ಡ ಕಾಯಿಲೆ ಅಂದರೆ ವೇಲೂರು. ಅಪ್ಪನನ್ನು ಕೊನೆಗೆ ಕರೆದುಕೊಂಡು ಹೋಗಿದ್ದೂ ಅಲ್ಲಿಗೇ. ಆ ಊರಿನ ಹೆಸರು ಅಮ್ಮನ ಬಾಯಲ್ಲಿ ನಗುವಿನ ಜೊತೆ ಬಂದಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಎದುರಿಗೆ ಕೂತಿದ್ದ ಹುಡುಗನೊಬ್ಬ "ಆಂಟಿ, ಸೌಂಡ್ ಕಮ್ಮಿ ಮಾಡಿ" ಅಂದ. ಅವನ ಫೋನಿನಲ್ಲಿ ಅಷ್ಟು ಹೊತ್ತಿನಿಂದ ರೀಲ್ಸ್ ಕಿರುಚುತ್ತಿತ್ತು. ಅವನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಕಣ್ಣು ತೆರೆದಿದ್ದವಳು ನಾನಲ್ಲವೇ, ನನಗೂ ಉತ್ಸಾಹ ಬಂತು. ನನಗೆ ವಾಣಿ ಜಯರಾಂ ಅಂದರೆ 'ಈ ಶತಮಾನದ ಮಾದರಿ ಹೆಣ್ಣು'. ಶುಭಮಂಗಳದ್ದು. ಅಪ್ಪನಿಗೆ 'ಎರಡು ಕನಸು' ಚಿತ್ರದ 'ಎಂದೆಂದೂ ನಿನ್ನನು ಮರೆತು'. ಆ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಾ ಕೂರುತ್ತಿದ್ದರು. ಕನ್ನಡ ಆಕೆಯ ಮನೆ ಮಾತಲ್ಲ. ಆದರೂ ಒಂದು 'ಳ' ಜಾರಿದ್ದನ್ನು ನಾನಂತೂ ಕೇಳಿಲ್ಲ.

ನನಗೆ ಗೊತ್ತಿದ್ದನ್ನೆಲ್ಲ ಮೂವರಿಗೂ ಹೇಳಿದೆ. ಆಕೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಮದುವೆಯಾಗಿ ಮುಂಬೈಗೆ ಹೋದ ಮೇಲೆ, ಗಂಡ ಜಯರಾಂ ಒತ್ತಾಯ ಮಾಡಿದ್ದಕ್ಕೆ ಪಟಿಯಾಲ ಘರಾನೆಯ ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಹತ್ತಿರ ಹಿಂದೂಸ್ತಾನಿ ಕಲಿಯಲು ಕೂತರು. ಠುಮ್ರಿ, ಗಜಲ್, ಭಜನ್ ಎಲ್ಲ ಅಲ್ಲಿಂದ ಬಂದಿದ್ದು. ಕಲಿಕೆಗೆ ಸಮಯ ಸಾಲದೆ ಬ್ಯಾಂಕ್ ಕೆಲಸವನ್ನೇ ಬಿಟ್ಟರು. ನಮ್ಮ ಬೆಳಗಾವಿ ಕಡೆಯ ಕುಮಾರ ಗಂಧರ್ವರ ಜೊತೆ ಮರಾಠಿಯಲ್ಲಿ ಹಾಡಿದರು. 1971ರಲ್ಲಿ ಹಿಂದಿ ಸಿನಿಮಾ 'ಗುಡ್ಡಿ' ಬಂತು. ವಸಂತ ದೇಸಾಯಿ ಹಾಡಿಸಿದ 'ಬೋಲೇ ರೇ ಪಪಿಹರಾ' ಕೇಳಿ ಇಡೀ ದೇಶ ತಿರುಗಿ ನೋಡಿತು. ಆಮೇಲೆ ಹತ್ತೊಂಬತ್ತು ಭಾಷೆ.

"ಉಸ್ತಾದರ ಹತ್ರ ಕಲಿತಿದ್ದು. ಅದಕ್ಕೇ ಆ ಉರ್ದು," ಅಂದರು ಪಕ್ಕದ ತಾಯಿ. ಅವರ ಮುಖ ಅರಳಿತು.

ಅಲ್ಲಿಗೇ ನಾನು ನಿಲ್ಲಿಸಬೇಕಿತ್ತು. "ಈಗ ಎಲ್ಲಿದ್ದಾಳೆ? ಚೆನ್ನಾಗಿದ್ದಾಳಾ?" ಅಂತ ಅಮ್ಮ ಕೇಳಿದಳು. ಅವಳಿಗೆ ಗೊತ್ತೇ ಇರಲಿಲ್ಲ. ನಾನೂ ಯಾವತ್ತೂ ಹೇಳಿರಲಿಲ್ಲ. 2023ರ ಜನವರಿಯಲ್ಲಿ ಪದ್ಮಭೂಷಣ ಘೋಷಣೆಯಾಯಿತು, ಫೆಬ್ರವರಿ 4ಕ್ಕೆ ತೀರಿಹೋದರು ಅಂದೆ. ಪ್ರಶಸ್ತಿ ಕೈಗೆ ಬರುವ ಮೊದಲೇ. ಚೆನ್ನೈನ ಮನೆಯಲ್ಲಿ. ಬೆಳಗ್ಗೆ ಕೆಲಸದವರು ಬಂದು ಎಷ್ಟು ಬೆಲ್ ಮಾಡಿದರೂ ಬಾಗಿಲು ತೆರೆಯಲಿಲ್ಲ. ಒಳಗೆ ಬಿದ್ದು ತಲೆಗೆ ಪೆಟ್ಟಾಗಿತ್ತು. 77 ವಯಸ್ಸು.

"ಯಾರೂ ಇರ್ಲಿಲ್ವಾ ಜೊತೇಲಿ?"

ಗಂಡ 2018ರಲ್ಲೇ ಹೋಗಿದ್ದರು, ಮಕ್ಕಳಿರಲಿಲ್ಲ ಅಂದೆ. ಗಜಲ್ ಇನ್ನೂ ನಡೆಯುತ್ತಲೇ ಇತ್ತು. ತೆರೆಯಬಾರದು ಅಂದಿದ್ದರೂ ಆ ತಾಯಿ ಕಣ್ಣು ತೆರೆದರು. ಪಕ್ಕಕ್ಕೆ ತಿರುಗಿ ಅಮ್ಮನನ್ನೇ ನೋಡಿದರು. ಅಮ್ಮ ಮಾತ್ರ ಕಣ್ಣು ಮುಚ್ಚಿಕೊಂಡೇ ಇದ್ದಳು. ಮಂಡಿಯ ಮೇಲಿನ ಬೆರಳು ನಿಂತಿತ್ತು.

ಅಮ್ಮನಿಗೆ 71. ಅಪ್ಪ ಹೋದ ಮೇಲೆ ಊರ ಮನೆಯಲ್ಲಿ ಒಬ್ಬಳೇ. ಬಾ ಅಂದರೆ ಬರುವುದಿಲ್ಲ. ಮಾವಿನ ತೋಟ, ಒಂದು ಹಸು, ಡೇರಿಗೆ ಹಾಲು. ನಾನೂ ಮೊದಲಿನಷ್ಟು ಒತ್ತಾಯ ಮಾಡುತ್ತಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನಮ್ಮದು ಎರಡು ರೂಮಿನ ಮನೆ. ಬೆಂಗಳೂರಿನಲ್ಲಿರುವ ಅಣ್ಣ ಭಾನುವಾರ ಫೋನ್ ಮಾಡುತ್ತಾನೆ. ಒಳ್ಳೆಯವನು. ಆದರೆ "ಅಮ್ಮ ಸ್ಟ್ರಾಂಗ್ ಕಣೇ" ಅಂತ ಅವನು ಹೇಳಿದಾಗಲೆಲ್ಲ ನನಗೆ ಫೋನ್ ಇಟ್ಟುಬಿಡೋಣ ಅನ್ನಿಸುತ್ತದೆ.

ವಾಣಿಯವರು ಹೋದಾಗ ಎಷ್ಟೋ ಜನ "ಪಾಪ, ಅನಾಥೆಯ ಹಾಗೆ" ಅಂದಿದ್ದರು. ಆ ಮಾತು ನನಗೆ ಆಗಲೂ ಇಷ್ಟವಾಗಿರಲಿಲ್ಲ, ಈಗಲೂ ಇಲ್ಲ. ತನ್ನ ಮನೆಯಲ್ಲಿ ತನ್ನ ಪಾಡಿಗೆ ಇದ್ದವರು ಅವರು. ಅಷ್ಟು ದೊಡ್ಡ ಬದುಕನ್ನು ಕೊನೆಯ ಒಂದು ರಾತ್ರಿಯಿಂದ ಅಳೆಯುವುದು ಅನ್ಯಾಯ. ಇದನ್ನು ನಾನು ನಂಬುತ್ತೇನೆ. ನಂಬಿಕೊಂಡೇ ನಾಲ್ಕು ರಾತ್ರಿಯಿಂದ ಆ ಬೆಲ್ ಬಗ್ಗೆ ಯೋಚಿಸುತ್ತಿದ್ದೇನೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅಮ್ಮ ತಾನಾಗಿಯೇ ಮಾತು ತೆಗೆದಳು. "ಒಬ್ಬಳೇ ಇದ್ರೆ ಏನಂತೆ? ಅವಳ ಮನೆ, ಅವಳು ಇದ್ದಳು." ಬಸ್ಸು ಬಂತು. ಹತ್ತಿ ಕಿಟಕಿ ಪಕ್ಕ ಕೂತು, ಚೀಲ ಮಡಿಲಿಗೆ ಎಳೆದುಕೊಂಡು, ಹೊರಗೆ ಬಗ್ಗಿ ಹೇಳಿದಳು, "ಬಾಗಿಲಿಗೆ ಮಾತ್ರ ಒಳಗಡೆಯಿಂದ ಚಿಲಕ ಹಾಕ್ಕೋಬಾರದು."

ಹಣ್ಣನ್ನೆಲ್ಲ ಆ ತಾಯಿಗೇ ಕೊಟ್ಟುಬಿಟ್ಟಿದ್ದಳು. ಇನ್ನೂ ಕಳಿಸುತ್ತೇನೆ ಅಂತ ಮಾತೂ ಕೊಟ್ಟಿದ್ದಳು. ಮೊಮ್ಮಗ ನಂಬರ್ ಹೇಳಿದ, ನಾನು ಅಮ್ಮನ ಫೋನಿನಲ್ಲಿ ಒತ್ತಿಕೊಂಡೆ. ಹೆಸರು ಕೇಳುವಷ್ಟರಲ್ಲಿ ಅವರ ಟೋಕನ್ ಕೂಗಿದರು, ಎದ್ದು ಹೋದರು. ಏನಂತ ಹಾಕಲಿ ಅಂದೆ. "ವಾಣಮ್ಮ ಅಂತ ಹಾಕು" ಅಂದಳು ಅಮ್ಮ.

ಗುರುವಾರ ರಾತ್ರಿ ಎಂಟಕ್ಕೆ ಅಮ್ಮನಿಗೆ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮತ್ತೆ ನಿಂತಿತು. ಪಕ್ಕದ ಮನೆಯವರ ನಂಬರ್ ಹುಡುಕುವಾಗ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತಿರಲಿಲ್ಲ. ಮೂರನೇ ಸಲ ಎತ್ತಿದಳು.

"ಏನೇ ಅಷ್ಟು ಅವಸರ? ವಾಣಮ್ಮನ ಹತ್ರ ಮಾತಾಡ್ತಾ ಇದ್ದೆ. ಅವಳಿಗೆ ಆಪರೇಷನ್ ಅಂತೆ, ಸೋಮವಾರ. ಹಣ್ಣು ಹುಲ್ಲಿನಲ್ಲಿಟ್ಟಿದ್ದೀನಿ, ಶನಿವಾರ ಬಂದು ತಗೊಂಡು ಹೋಗು."

ಈಗ ಹೊರಡಬೇಕು. ಊರಿನ ಬಡಗಿಗೆ ಬೆಳಗ್ಗೆಯೇ ಹೇಳಿದ್ದೇನೆ. ಒಳಗಿನ ಚಿಲಕ ಕಿತ್ತು, ಹೊರಗಿನಿಂದಲೂ ತೆಗೆಯಲು ಬರುವ ಬೀಗ ಹಾಕಿಸಬೇಕು. ಒಂದು ಕೀ ಅಮ್ಮನ ಹತ್ತಿರ, ಒಂದು ಪಕ್ಕದ ಮನೆಯಲ್ಲಿ, ಒಂದು ನನ್ನ ಪರ್ಸಿನಲ್ಲಿ.