ನಮ್ಮ ಸಣ್ಣ ನಾಣ್ಯಕ್ಕೆ ಯಾವ ಅಲ್ಗಾರಿದಮ್?

ಉಡುಪಿಯ ನಾವು ನಾಲ್ವರು ಗೆಳೆಯರು ಕಲಿಕೆಗೆಂದು ಒಂದು ಕ್ರಿಪ್ಟೋಕರೆನ್ಸಿ ಕಟ್ಟುತ್ತಿದ್ದೇವೆ. ಪ್ರೂಫ್ ಆಫ್ ವರ್ಕ್‌ಗೆ, ಅಂದರೆ ಕಂಪ್ಯೂಟರುಗಳು ಕಷ್ಟದ ಲೆಕ್ಕ ಬಿಡಿಸಿ ಪಾವತಿಗಳ ಸರಪಳಿಗೆ ಹೊಸ ಬ್ಲಾಕ್ ಸೇರಿಸುವ ವಿಧಾನಕ್ಕೆ, ಯಾವ ಅಲ್ಗಾರಿದಮ್ ಬಳಸಬೇಕೆಂಬ ಚರ್ಚೆಯಲ್ಲೇ ಇಡೀ ಮಳೆಗಾಲ ಕಳೆಯಿತು.

ಬಿಟ್‌ಕಾಯಿನ್‌ನ ಎಸ್‌ಎಚ್‌ಎ-256 ಅನ್ನು ಮೊದಲ ದಿನವೇ ಕೈಬಿಟ್ಟೆವು. 2009ರಲ್ಲಿ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತಿದ್ದ ಆ ಲೆಕ್ಕ, 2013ರಿಂದೀಚೆಗೆ ಅದೊಂದೇ ಕೆಲಸಕ್ಕಾಗಿ ತಯಾರಾದ ಏಸಿಕ್ ಚಿಪ್‌ಗಳ ಪಾಲಾಗಿದೆ. ಆ ಜಾಲದ ಶಕ್ತಿಯಲ್ಲಿ ಒಂದು ಚೂರು ನಮ್ಮತ್ತ ತಿರುಗಿದರೂ ನಮ್ಮ ಸರಪಳಿಯನ್ನು ಬೇಕಾದಂತೆ ತಿದ್ದಿ ಬರೆಯಬಹುದು. ಭಾರಿ ಬಲೆಯ ಪರ್ಸೀನ್ ಬೋಟುಗಳು ಬಂದ ಮೇಲೆ, ದಡದಿಂದ ಎಳೆಯುವ ಮಲ್ಪೆಯ ರಂಪಣಿ ಬಲೆ ಮೂಲೆಗುಂಪಾದದ್ದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2011ರಲ್ಲಿ ಲೈಟ್‌ಕಾಯಿನ್ ಆರಿಸಿಕೊಂಡ ಸ್ಕ್ರಿಪ್ಟ್ (scrypt) ಅಲ್ಗಾರಿದಮ್‌ಗೂ ಕೆಲವೇ ವರ್ಷಗಳಲ್ಲಿ ಏಸಿಕ್ ಬಂತು.

ಗ್ರಾಫಿಕ್ಸ್ ಕಾರ್ಡಿಗೆ ಹೊಂದುವ, ಈಥೀರಿಯಮ್ ಬಳಸುತ್ತಿದ್ದ ಈಥ್ಯಾಶ್ ಸಾಕೆಂದು ಒಬ್ಬ ಗೆಳೆಯ ಹಟ ಹಿಡಿದ. ಆದರೆ ಬಾಡಿಗೆಗೆ ಸಿಗುವ ಕಂಪ್ಯೂಟರ್ ಶಕ್ತಿ ಎಷ್ಟು ಅಪಾಯಕಾರಿ ಎಂಬುದಕ್ಕೆ 2020ರ ಆಗಸ್ಟ್‌ನಲ್ಲಿ ಮೂರು ಬಾರಿ ದಾಳಿಗೊಳಗಾದ, ಆಗ ಇದೇ ಅಲ್ಗಾರಿದಮ್ ಬಳಸುತ್ತಿದ್ದ ಈಥೀರಿಯಮ್ ಕ್ಲಾಸಿಕ್ ನಾಣ್ಯವೇ ಸಾಕ್ಷಿ. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಮ್ ಗಣಿಗಾರಿಕೆಯನ್ನೇ (ಇಂಥ ಲೆಕ್ಕ ಬಿಡಿಸಿ ನಾಣ್ಯ ಗಳಿಸುವುದನ್ನೇ) ನಿಲ್ಲಿಸಿದ್ದರಿಂದ ಕೆಲಸವಿಲ್ಲದ ಕಾರ್ಡುಗಳು ಇನ್ನಷ್ಟು ಹೆಚ್ಚಿದವು.

ಉಳಿದದ್ದು ಮೊನೆರೊ ನಾಣ್ಯ 2019ರ ನವೆಂಬರ್‌ನಲ್ಲಿ ಅಳವಡಿಸಿಕೊಂಡ ರ್‍ಯಾಂಡಮ್‌ಎಕ್ಸ್. ಪ್ರತಿ ಹ್ಯಾಶ್‌ಗೂ, ಅಂದರೆ ಪ್ರತಿ ಸಲದ ಲೆಕ್ಕಕ್ಕೂ, ಇದು ಹೊಸ ಹೊಸ ಯಾದೃಚ್ಛಿಕ ಪ್ರೋಗ್ರಾಮುಗಳನ್ನು ಹೆಣೆದು ಓಡಿಸುವುದರಿಂದ, ಇದಕ್ಕೆಂದೇ ಚಿಪ್ ಮಾಡಹೊರಟವರು ಕೊನೆಗೆ ಮಾಮೂಲಿ ಪ್ರೊಸೆಸರನ್ನೇ ಮಾಡಬೇಕಾಗುತ್ತದೆ. ಈ ಉಪಾಯ ನನಗೆ ನಿಜಕ್ಕೂ ಸುಂದರವೆನಿಸಿತು. ನಮ್ಮ ಮನೆಯ ಮಹಡಿಯಲ್ಲಿರುವ ಹಳೆಯ ಡೆಸ್ಕ್‌ಟಾಪಿನಲ್ಲಿ ಪರೀಕ್ಷಿಸಿದೆ. ಅದರಲ್ಲಿ ಎಂಟು ತ್ರೆಡ್‌ಗಳಿದ್ದರೂ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳು) ಎಲ್‌3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ವೇಗದ ಮೆಮೊರಿ, ಇರುವುದು 8 ಎಂಬಿ ಮಾತ್ರ, ಪ್ರತಿ ತ್ರೆಡ್ ಬೇಡುವುದು 2 ಎಂಬಿ. ಹಾಗಾಗಿ ನಾಲ್ಕು ತ್ರೆಡ್‌ಗಳವರೆಗೆ ಸಲೀಸಾಗಿ ಏರಿದ ವೇಗ ಐದನೆಯದನ್ನು ಸೇರಿಸಿದೊಡನೆ ಕುಗ್ಗಿತು. ಇದಲ್ಲದೆ ಡೇಟಾಸೆಟ್‌ಗೆ 2080 ಎಂಬಿ ರ್‍ಯಾಮ್ ಬೇಕು. ಪರಿಶೀಲನೆಯನ್ನಷ್ಟೇ ಮಾಡುವ ನೋಡ್‌ಗೆ (ಜಾಲದ ಕಂಪ್ಯೂಟರಿಗೆ) 256 ಎಂಬಿ ಸಾಕಾಗುವುದು ಸಮಾಧಾನದ ಸಂಗತಿ.

ಆದರೂ ನನ್ನ ಅಳುಕು ಪೂರ್ತಿ ಹೋಗಿಲ್ಲ. ಪ್ರತಿ ನಾಣ್ಯವೂ ತನ್ನದೇ ಸಾಲ್ಟ್ (ಲೆಕ್ಕಕ್ಕೆ ಬೆರೆಸುವ ಪ್ರತ್ಯೇಕ ಗುರುತು) ಇಟ್ಟುಕೊಳ್ಳಬೇಕೆಂದು ರ್‍ಯಾಂಡಮ್‌ಎಕ್ಸ್‌ನ ಕೈಪಿಡಿ ಹೇಳುತ್ತದೆ, ನಾವೂ ಬದಲಿಸಿದ್ದೇವೆ. ಆದರೆ ಮೊನೆರೊ ಅಗೆಯುತ್ತಿರುವ ಕಂಪ್ಯೂಟರುಗಳು ನಮ್ಮ ಸಾಲ್ಟ್ ಹಾಕಿಕೊಂಡು ಇತ್ತ ತಿರುಗುವುದನ್ನು ಅದು ತಡೆಯಲಾರದು. ಆದ್ದರಿಂದ ಎರಡು ನಿಮಿಷಕ್ಕೊಂದರಂತೆ 720 ಬ್ಲಾಕ್‌ಗಳು, ಅಂದರೆ ಪೂರ್ತಿ ಒಂದು ದಿನ, ಕಳೆಯುವವರೆಗೆ ಯಾವ ಪಾವತಿಯನ್ನೂ ಅಂತಿಮವೆಂದು ಪರಿಗಣಿಸಬಾರದೆಂಬ ನಿಯಮವನ್ನು ಮೊದಲ ವರ್ಷದ ಮಟ್ಟಿಗೆ ಹಾಕಿಕೊಂಡಿದ್ದೇವೆ.