ಬೆಳಗಿನ 210

ರಾತ್ರಿ ಮಲಗುವಾಗ ಶುಗರ್ 130. ಏನೂ ತಿನ್ನದೆ ಬೆಳಿಗ್ಗೆ ಎದ್ದರೆ 210! ಇನ್ಸುಲಿನ್ ತಗೊಳ್ಳುವವರಿಗೆ ಇದೇನೂ ಹೊಸದಲ್ಲ. ಮನೆಯವರು ಮಾತ್ರ ಡಬ್ಬಿಯಲ್ಲಿರುವ ಮೈಸೂರು ಪಾಕ್ ಎಣಿಸುತ್ತಾರೆ.

ಕಳ್ಳ ಇರುವುದು ಹೊಟ್ಟೆಯೊಳಗೇ. ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ, ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿಯ ಇನ್ಸುಲಿನ್ ಅಷ್ಟಕ್ಕೆ ಸಾಲದಿದ್ದರೆ ಶುಗರ್ ಏರುತ್ತದೆ. ಹಾಗಂತ ಸುಮ್ನೆ ಡೋಸ್ ಏರಿಸಿದರೆ ನಡುರಾತ್ರಿ ಶುಗರ್ ಕುಸಿಯಬಹುದು. ಅದಕ್ಕೇ ಡಾಕ್ಟರು ರಾತ್ರಿ 3 ಗಂಟೆಯ ರೀಡಿಂಗ್ ಕೇಳುವುದು. ನಿದ್ದೆ ಹಾಳು, ಆದರೆ ನೋಡಲೇಬೇಕು.

ಇನ್ನೊಂದು ವಿಷಯ ಯಾರೂ ಜಾಸ್ತಿ ಮಾತಾಡಲ್ಲ. ನೋವು ಕಡಿಮೆ ಅಂತ ಒಂದೇ ಜಾಗಕ್ಕೆ ಚುಚ್ಚುತ್ತಾ ಹೋದರೆ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ. ಅಲ್ಲಿಂದ ಇನ್ಸುಲಿನ್ ಒಂದು ದಿನ ನಿಧಾನಕ್ಕೆ ರಕ್ತಕ್ಕೆ ಸೇರುತ್ತದೆ, ಇನ್ನೊಂದು ದಿನ ಬೇಗ. ಊಟ ಅದೇ, ಡೋಸ್ ಅದೇ, ಶುಗರ್ ಮಾತ್ರ ಮನಸ್ಸಿಗೆ ಬಂದಂತೆ. ಹೊಟ್ಟೆ ಸವರಿ ನೋಡಿಕೊಳ್ಳಿ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವಾಗ ಡಾಕ್ಟರಿಗೆ ಹೇಳಿ, ಅದೇ ಡೋಸ್ ಅಲ್ಲಿ ಜೋರಾಗಬಹುದು.

ಮದುವೆ ಮನೆಯ ಕಥೆಯೇ ಬೇರೆ. ಇನ್ಸುಲಿನ್ ಒಳಗೆ ಹೋಗಿರುತ್ತದೆ, ನಮಗೆ ಎರಡನೇ ಪಂಕ್ತಿ! ಕೈ ನಡುಗಿ, ಬೆವರು ಬಂದು, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ತಗೊಂಡು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆಗ ಹೋಳಿಗೆ ಕೈಗೆ ಕೊಡುವವರು ಒಳ್ಳೆಯವರೇ, ಆದರೆ ತುಪ್ಪ ಸಕ್ಕರೆಯನ್ನು ತಡಮಾಡುತ್ತದೆ. ಮೊದಲು ಸಕ್ಕರೆ ನೀರು ಕೊಡಿ ಮಾರಾಯ್ರೇ, ಹೋಳಿಗೆ ಆಮೇಲೆ ನೋಡೋಣ.